ವಿಜಯನಗರ ಜಿಲ್ಲೆಯ ತಾಲ್ಲೂಕುಗಳಲ್ಲಿ ಮಕ್ಕಳ ತಜ್ಞ ಆರೋಗ್ಯ ಸೇವೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮಕ್ಕಳ ತಜ್ಞ ಆರೋಗ್ಯ ಸೇವೆಯು ಹಲವು ಹಂತಗಳಲ್ಲಿ ಹಂಚಿಕೊಂಡಿರುವ ಸಾರ್ವಜನಿಕ ವ್ಯವಸ್ಥೆಯಾಗಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯಿಂದ ಆರಂಭವಾಗಿ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಕೇಂದ್ರ ಹಾಗೂ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರುಗಳ ಬೋಧನಾ ಆಸ್ಪತ್ರೆಗಳವರೆಗೆ ಇದು ವಿಸ್ತರಿಸಿದೆ. ನವಜಾತ ಶಿಶುಗಳ ತೀವ್ರ ಆರೈಕೆ, ಜನ್ಮಜಾತ ನ್ಯೂನತೆಗಳ ಪತ್ತೆ ಮತ್ತು ಚಿಕಿತ್ಸೆ, ತೀವ್ರ ಅಪೌಷ್ಟಿಕತೆಯ ಚಿಕಿತ್ಸೆ, ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳ ಪುನಶ್ಚೇತನ ಮತ್ತು ದೀರ್ಘಕಾಲದ ಕಾಯಿಲೆಗಳ ನಿರ್ವಹಣೆ ಈ ಸೇವೆಯ ಮುಖ್ಯ ಭಾಗಗಳಾಗಿವೆ.

ತಜ್ಞ ವೈದ್ಯರು ಮತ್ತು ಉಪಕರಣಗಳು ದೊಡ್ಡ ನಗರಗಳಲ್ಲಿ ಕೇಂದ್ರೀಕೃತವಾಗಿರುವುದರಿಂದ, ಗ್ರಾಮೀಣ ತಾಲ್ಲೂಕುಗಳ ಮಕ್ಕಳಿಗೆ ಚಿಕಿತ್ಸೆ ದೊರೆಯುವುದು ಕಾಯಿಲೆಯ ತೀವ್ರತೆಯನ್ನಷ್ಟೇ ಅಲ್ಲದೆ ಪ್ರಯಾಣದ ದೂರ, ಪೋಷಕರ ಕೂಲಿನಷ್ಟ ಮತ್ತು ಮರುಭೇಟಿಗಳ ಸಂಖ್ಯೆಯನ್ನೂ ಅವಲಂಬಿಸಿರುತ್ತದೆ. ಆದ್ದರಿಂದ ತಜ್ಞ ಸೇವೆಯ ಯಾವ ಭಾಗವನ್ನು ಮನೆಯ ಸಮೀಪದಲ್ಲಿಯೇ ನೀಡಬಹುದು, ಯಾವ ಭಾಗಕ್ಕೆ ನಗರದ ಆಸ್ಪತ್ರೆ ಅನಿವಾರ್ಯ ಎಂಬ ವಿಂಗಡಣೆಯು ಈ ವ್ಯವಸ್ಥೆಯ ಮೂಲತತ್ತ್ವವಾಗಿದೆ.

ಪ್ರದೇಶ ಮತ್ತು ಆಡಳಿತಾತ್ಮಕ ಹಿನ್ನೆಲೆ

ವಿಜಯನಗರ ಜಿಲ್ಲೆಯು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು 2021ರಲ್ಲಿ ಕರ್ನಾಟಕದ 31ನೆಯ ಜಿಲ್ಲೆಯಾಗಿ ರಚನೆಯಾಯಿತು. ಹೊಸಪೇಟೆ ಇದರ ಜಿಲ್ಲಾ ಕೇಂದ್ರ. ಹೊಸಪೇಟೆಯನ್ನು ಹೊರತುಪಡಿಸಿದರೆ ಉಳಿದ ಐದು ತಾಲ್ಲೂಕುಗಳು ಜಿಲ್ಲಾ ಕೇಂದ್ರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಹರಡಿಕೊಂಡಿವೆ. ಇವುಗಳಲ್ಲಿ ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಯಿತು.

ಹರಪನಹಳ್ಳಿಯ ಆಡಳಿತಾತ್ಮಕ ಇತಿಹಾಸ ಉಳಿದ ತಾಲ್ಲೂಕುಗಳಿಗಿಂತ ಭಿನ್ನವಾಗಿದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು, 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿತು ಮತ್ತು 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಸಂವಿಧಾನದ 371(ಜೆ) ವಿಧಿಯು ಹೈದರಾಬಾದ್ ಕರ್ನಾಟಕ (ಈಗಿನ ಕಲ್ಯಾಣ ಕರ್ನಾಟಕ) ಪ್ರದೇಶಕ್ಕೆ ನೀಡುವ ವಿಶೇಷ ಸ್ಥಾನಮಾನವನ್ನು ಪಡೆಯುವುದು ಬಳ್ಳಾರಿಗೆ ಮರಳಬೇಕೆಂಬ ಬೇಡಿಕೆಯ ಮುಖ್ಯ ಕಾರಣವಾಗಿತ್ತು. ಈ ವಿಧಿಯಡಿ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯ ಅಭ್ಯರ್ಥಿಗಳಿಗೆ 70% ಹಾಗೂ ರಾಜ್ಯದ ಇತರೆಡೆಯ ಸಂಸ್ಥೆಗಳಲ್ಲಿ 8% ಸ್ಥಾನಗಳು ಮೀಸಲಾಗಿವೆ. ವೈದ್ಯಕೀಯ ಸೀಟುಗಳಿಗೂ ಅನ್ವಯಿಸುವ ಈ ಮೀಸಲಾತಿಯು ಸ್ಥಳೀಯ ಹಿನ್ನೆಲೆಯ ವೈದ್ಯರ ಸಂಖ್ಯೆಯನ್ನು ಹೆಚ್ಚಿಸುವ ದೀರ್ಘಾವಧಿಯ ಮಾರ್ಗಗಳಲ್ಲೊಂದು.

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ವರ್ಗೀಕರಿಸಿತು. ಕೂಡ್ಲಿಗಿ ಮತ್ತು ಹರಪನಹಳ್ಳಿ ಈ ಕೊನೆಯ ವರ್ಗದಲ್ಲಿದ್ದವು. ಆರೋಗ್ಯ ಸೌಲಭ್ಯಗಳ ಲಭ್ಯತೆಯೂ ಆ ವರ್ಗೀಕರಣಕ್ಕೆ ಬಳಸಿದ ಸೂಚಕಗಳಲ್ಲಿ ಸೇರಿತ್ತು.

ದೂರ ಮತ್ತು ಸಾರಿಗೆ

ಐದೂ ತಾಲ್ಲೂಕುಗಳಿಗೆ ಜಿಲ್ಲಾ ಕೇಂದ್ರ ಒಂದೇ ಆಗಿದ್ದರೂ ಜನರು ಚಿಕಿತ್ಸೆಗಾಗಿ ಹೋಗುವ ದಿಕ್ಕುಗಳು ಬೇರೆಬೇರೆಯಾಗಿವೆ. ಕೂಡ್ಲಿಗಿಯು ಹೊಸಪೇಟೆ ಮತ್ತು ಚಿತ್ರದುರ್ಗಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ. ಹರಪನಹಳ್ಳಿಗೆ ಹೊಸಪೇಟೆಗಿಂತ ದಾವಣಗೆರೆ ಸಮೀಪ. ಹೂವಿನ ಹಡಗಲಿ ತಾಲ್ಲೂಕು ತುಂಗಭದ್ರಾ ನದಿಯ ದಂಡೆಯಲ್ಲಿದ್ದು, ನದಿಯಾಚೆ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿದೆ. ಹೀಗಾಗಿ ಗದಗ ಮತ್ತು ಹುಬ್ಬಳ್ಳಿಯ ಕಡೆಗೂ ಇಲ್ಲಿಂದ ರೋಗಿಗಳು ಹೋಗುತ್ತಾರೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮತ್ತು ಹರಪನಹಳ್ಳಿಗಳು ಹೊಸಪೇಟೆ–ಹರಿಹರ ರೈಲುಮಾರ್ಗದಲ್ಲಿವೆ.

ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು 60 ಕಿ.ಮೀ. ದೂರವಿದ್ದರೆ, ಹರಪನಹಳ್ಳಿ ಮತ್ತು ಹೂವಿನ ಹಡಗಲಿಯಿಂದ ಬಳ್ಳಾರಿಗೆ 100 ಕಿ.ಮೀ.ಗೂ ಹೆಚ್ಚು ದೂರವಿದೆ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಮುಂತಾದ ಉನ್ನತ ಚಿಕಿತ್ಸೆಗೆ ಬೆಂಗಳೂರನ್ನು ಅವಲಂಬಿಸುವ ಕುಟುಂಬಗಳ ಪ್ರಯಾಣ ಜಿಲ್ಲಾ ಕೇಂದ್ರದಿಂದಲೇ 300 ಕಿ.ಮೀ. ಮೀರುತ್ತದೆ. ಹಳ್ಳಿ ಅಥವಾ ತಾಂಡಾದಿಂದ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಮುಂದಿನ ಊರಿಗೆ ಬಸ್ಸು ಬದಲಿಸಬೇಕಾಗುವುದರಿಂದ ಕಿಲೋಮೀಟರುಗಳ ಲೆಕ್ಕಕ್ಕಿಂತ ಹೆಚ್ಚಿನ ಸಮಯ ಪ್ರಯಾಣಕ್ಕೆ ತಗಲುತ್ತದೆ. ಹೊರರೋಗಿ ವಿಭಾಗಗಳ ನೋಂದಣಿ ಸಾಮಾನ್ಯವಾಗಿ ಮಧ್ಯಾಹ್ನದೊಳಗೆ ಮುಗಿಯುವುದರಿಂದ ದೂರದ ಊರಿನವರು ಹಿಂದಿನ ದಿನವೇ ಹೊರಡಬೇಕಾಗುತ್ತದೆ. ಒಂದು ಭೇಟಿಗೆ ಇಬ್ಬರು ಹಿರಿಯರ ಎರಡು ದಿನಗಳ ಕೂಲಿ ನಷ್ಟವಾಗುವುದುಂಟು.

2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆಯು ತುರ್ತು ಸಂದರ್ಭಗಳಲ್ಲಿ ಉಚಿತ ಸಾಗಾಟ ಒದಗಿಸುತ್ತದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಮತ್ತು ಅಸ್ವಸ್ಥ ಶಿಶುವಿನ ಚಿಕಿತ್ಸೆಯೊಂದಿಗೆ ಆಸ್ಪತ್ರೆಗೆ ಬರುವ, ಮುಂದಿನ ಆಸ್ಪತ್ರೆಗೆ ಹೋಗುವ ಹಾಗೂ ಮನೆಗೆ ಮರಳುವ ಸಾರಿಗೆಯೂ ಉಚಿತವಾಗಿದೆ. ಆರಂಭದಲ್ಲಿ ಹುಟ್ಟಿದ 30 ದಿನಗಳವರೆಗಿದ್ದ ಈ ಸೌಲಭ್ಯವನ್ನು ನಂತರ ಒಂದು ವರ್ಷದ ವಯಸ್ಸಿನವರೆಗೆ ವಿಸ್ತರಿಸಲಾಯಿತು. ಬಾಣಂತಿ ಮತ್ತು ಶಿಶುವನ್ನು ಮನೆಗೆ ತಲುಪಿಸುವ ವಾಹನಗಳು ರಾಜ್ಯದಲ್ಲಿ 'ನಗು-ಮಗು' ಎಂಬ ಹೆಸರಿನಿಂದ ಪರಿಚಿತವಾಗಿವೆ.

ಸೇವೆಯ ಅಗತ್ಯ

ಮಾದರಿ ನೋಂದಣಿ ವ್ಯವಸ್ಥೆಯ 2020ರ ವರದಿಯಂತೆ ಕರ್ನಾಟಕದಲ್ಲಿ ಪ್ರತಿ 1,000 ಜೀವಂತ ಜನನಗಳಿಗೆ ಶಿಶು ಮರಣ ಪ್ರಮಾಣ 19 ಆಗಿತ್ತು. ರಾಷ್ಟ್ರೀಯ ಸರಾಸರಿ 28 ಇತ್ತು. ಶಿಶು ಮರಣಗಳಲ್ಲಿ ಬಹುಪಾಲು ಹುಟ್ಟಿದ ಮೊದಲ 28 ದಿನಗಳಲ್ಲಿ ಸಂಭವಿಸುತ್ತವೆ. ಅವಧಿಗೆ ಮುನ್ನ ಜನನ, ಕಡಿಮೆ ತೂಕ, ಹುಟ್ಟುವಾಗ ಉಸಿರುಗಟ್ಟುವಿಕೆ, ಸೋಂಕು ಮತ್ತು ಜನ್ಮಜಾತ ನ್ಯೂನತೆಗಳು ಇವಕ್ಕೆ ಮುಖ್ಯ ಕಾರಣಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಮತ್ತು 19.5% ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು.

ಈ ಕಾರಣಗಳಲ್ಲಿ ಹೆಚ್ಚಿನವುಗಳ ಚಿಕಿತ್ಸೆಗೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಶಿಶುವನ್ನು ಬೆಚ್ಚಗಿಡುವುದು, ಎದೆಹಾಲು ಕುಡಿಸುವುದು, ಉಸಿರಾಟಕ್ಕೆ ನೆರವಾಗುವುದು ಮತ್ತು ಸೋಂಕಿಗೆ ಬೇಗ ಔಷಧ ಕೊಡುವುದು ತರಬೇತಿ ಪಡೆದ ಸಿಬ್ಬಂದಿ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಾಧ್ಯ. ಮುಂದಿನ ಹಂತಕ್ಕೆ ಕಳುಹಿಸಬೇಕಾದ ಮಗುವನ್ನು ಸಕಾಲದಲ್ಲಿ ಗುರುತಿಸಿ, ಸ್ಥಿತಿಯನ್ನು ಸ್ಥಿರಗೊಳಿಸಿ ಕಳುಹಿಸುವುದು ಇದಕ್ಕೆ ಪೂರಕವಾದ ಕೆಲಸ.

ಸೇವೆಯ ಹಂತಗಳು

ಮನೆ

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಹಳ್ಳಿಯ ಮಹಿಳೆಯರಿಗೆ ತರಬೇತಿ ನೀಡಿ ನಡೆಸಿದ ಮನೆ ಆಧಾರಿತ ನವಜಾತ ಶಿಶು ಆರೈಕೆಯ ಅಧ್ಯಯನವು 1999ರಲ್ಲಿ ಪ್ರಕಟವಾಯಿತು. ಇಂತಹ ಆರೈಕೆಯಿಂದ ನವಜಾತ ಶಿಶು ಮರಣ ಗಣನೀಯವಾಗಿ ಇಳಿಯುತ್ತದೆಂದು ಅದು ತೋರಿಸಿತು. ನಂತರ ಇದು ರಾಷ್ಟ್ರೀಯ ಕಾರ್ಯಕ್ರಮವಾಗಿ ಆಶಾ ಕಾರ್ಯಕರ್ತೆಯರ ಕೆಲಸದ ಭಾಗವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುವನ್ನು 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ಮನೆಯಲ್ಲಿ ಭೇಟಿ ಮಾಡಿ ತೂಕ ಮತ್ತು ಉಷ್ಣತೆಯನ್ನು ನೋಡುತ್ತಾರೆ. ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು, ವೇಗದ ಉಸಿರಾಟ, ಪಕ್ಕೆ ಸೆಳೆತ, ಫಿಟ್ಸ್, ಅಂಗೈ ಮತ್ತು ಅಂಗಾಲುಗಳು ಹಳದಿಯಾಗುವುದು ಅಪಾಯದ ಚಿಹ್ನೆಗಳಾಗಿವೆ. 2018ರಲ್ಲಿ ಆರಂಭವಾದ ಮುಂದುವರಿದ ಕಾರ್ಯಕ್ರಮದಲ್ಲಿ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿಯೂ ಮನೆಭೇಟಿ ನಡೆಯುತ್ತದೆ.

ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ

ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು 1,20,000ಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಲಸಿಕೆ, ಬೆಳವಣಿಗೆಯ ಮಾಪನ, ಅತಿಸಾರ ಮತ್ತು ನ್ಯುಮೋನಿಯಾದ ಆರಂಭಿಕ ಚಿಕಿತ್ಸೆ ಈ ಹಂತದಲ್ಲಿ ದೊರೆಯುತ್ತವೆ. ಹೆರಿಗೆ ನಡೆಯುವ ಪ್ರತಿಯೊಂದು ಕೇಂದ್ರದಲ್ಲಿಯೂ ಶಿಶುವಿಗೆ ಉಸಿರಾಟದ ನೆರವು ಮತ್ತು ಶಾಖ ನೀಡುವ ನವಜಾತ ಶಿಶು ಆರೈಕೆ ಮೂಲೆ ಇರಬೇಕು.

ತಾಲ್ಲೂಕು ಆಸ್ಪತ್ರೆ

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿಗಳಲ್ಲಿ ಸಾರ್ವಜನಿಕ ತಾಲ್ಲೂಕು ಆಸ್ಪತ್ರೆಗಳಿವೆ. ತಾಲ್ಲೂಕು ಆಸ್ಪತ್ರೆಯು ಸರ್ಕಾರಿ ವ್ಯವಸ್ಥೆಯಲ್ಲಿ ಮಕ್ಕಳ ತಜ್ಞ, ಸ್ತ್ರೀರೋಗ ತಜ್ಞ ಮತ್ತು ಅರಿವಳಿಕೆ ತಜ್ಞರು ಒಟ್ಟಿಗೆ ಇರಬೇಕಾದ, ಮನೆಗೆ ಅತ್ಯಂತ ಸಮೀಪದ ಸ್ಥಳವಾಗಿದೆ. ಈ ಹಂತದಲ್ಲಿ ನವಜಾತ ಶಿಶು ಸ್ಥಿರೀಕರಣ ಘಟಕದ ಮೂಲಕ ಮಧ್ಯಮ ತೀವ್ರತೆಯ ತೊಂದರೆಯಿರುವ ಶಿಶುಗಳನ್ನು ನೋಡಿಕೊಳ್ಳಲಾಗುತ್ತದೆ. ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇಂತಹ ಘಟಕಕ್ಕೆ ನಾಲ್ಕು ಹಾಸಿಗೆಗಳನ್ನು ಸೂಚಿಸಲಾಗಿದೆ.

ವಿಶೇಷ ನವಜಾತ ಶಿಶು ಆರೈಕೆ ಘಟಕ

ವರ್ಷಕ್ಕೆ 3,000ಕ್ಕಿಂತ ಹೆಚ್ಚು ಹೆರಿಗೆಗಳಾಗುವ ಜಿಲ್ಲಾ ಅಥವಾ ದೊಡ್ಡ ಆಸ್ಪತ್ರೆಗಳಲ್ಲಿ ಕನಿಷ್ಠ 12 ಹಾಸಿಗೆಗಳ ವಿಶೇಷ ನವಜಾತ ಶಿಶು ಆರೈಕೆ ಘಟಕ (ಎಸ್‌ಎನ್‌ಸಿಯು) ಇರಬೇಕೆಂಬುದು ಮಾರ್ಗಸೂಚಿ. ತೀರ ಕಡಿಮೆ ತೂಕದ ಹಾಗೂ ಗಂಭೀರ ಸೋಂಕಿರುವ ಶಿಶುಗಳಿಗೆ ಇಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಆರೈಕೆ ನೀಡಲಾಗುತ್ತದೆ. ಕೃತಕ ಉಸಿರಾಟ ಯಂತ್ರದ ದೀರ್ಘ ನೆರವು ಅಥವಾ ಶಸ್ತ್ರಚಿಕಿತ್ಸೆ ಬೇಕಾದ ಶಿಶುಗಳನ್ನು ಮುಂದಿನ ಹಂತಕ್ಕೆ ಕಳುಹಿಸಲಾಗುತ್ತದೆ.

ಬೋಧನಾ ಆಸ್ಪತ್ರೆಗಳು

1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ, ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ (ವಿಮ್ಸ್) ಎಂದು ಪ್ರಸಿದ್ಧವಾದ ಬಳ್ಳಾರಿಯ ಸಂಸ್ಥೆಯು ಈ ಭಾಗದ ಪ್ರಮುಖ ಸರ್ಕಾರಿ ಬೋಧನಾ ಆಸ್ಪತ್ರೆಯಾಗಿದೆ. ಅದನ್ನು ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದು ಕರೆಯಲಾಗುತ್ತದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಹಾಗೂ 1965ರಲ್ಲಿ ಸ್ಥಾಪನೆಯಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿಗೆ ಸಂಬಂಧಿಸಿದ ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. 2015ರಲ್ಲಿ ಕೊಪ್ಪಳ ಮತ್ತು ಗದಗಗಳಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು ಆರಂಭವಾದ ನಂತರ ತುಂಗಭದ್ರೆಯ ಆಚೆಯ ದಡದಲ್ಲಿಯೂ ಬೋಧನಾ ಆಸ್ಪತ್ರೆಗಳು ದೊರೆತವು. ಹುಬ್ಬಳ್ಳಿಯ ಕಿಮ್ಸ್ ಮತ್ತು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇನ್ನೂ ಸಂಕೀರ್ಣ ಪ್ರಕರಣಗಳನ್ನು ಸ್ವೀಕರಿಸುತ್ತವೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ

2013ರ ಫೆಬ್ರವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು (ಆರ್‌ಬಿಎಸ್‌ಕೆ) ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯನ್ನು ಹಳ್ಳಿಗೇ ಕೊಂಡೊಯ್ಯುವ ಯೋಜನೆ. ಜನ್ಮಜಾತ ನ್ಯೂನತೆಗಳು, ಪೋಷಕಾಂಶಗಳ ಕೊರತೆ, ಬಾಲ್ಯದ ಕಾಯಿಲೆಗಳು ಮತ್ತು ಅಂಗವೈಕಲ್ಯವೂ ಸೇರಿದಂತೆ ಬೆಳವಣಿಗೆಯ ವಿಳಂಬ ಎಂಬ ನಾಲ್ಕು ವಿಭಾಗಗಳಲ್ಲಿ ಸುಮಾರು 30 ಸ್ಥಿತಿಗಳನ್ನು ಇದು ಗುರುತಿಸುತ್ತದೆ.

ಸಂಚಾರಿ ತಂಡದಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳಾ ಆಯುಷ್ ವೈದ್ಯರು, ಒಬ್ಬ ದಾದಿ ಮತ್ತು ಒಬ್ಬ ಔಷಧ ವಿತರಕ ಇರುತ್ತಾರೆ. ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಬಾರಿ ಭೇಟಿ ನೀಡುತ್ತದೆ. ಹುಟ್ಟಿದ ಶಿಶುಗಳ ತಪಾಸಣೆಯನ್ನು ಹೆರಿಗೆ ಕೇಂದ್ರದ ಸಿಬ್ಬಂದಿ ಮತ್ತು ಮನೆಭೇಟಿಯಲ್ಲಿ ಆಶಾ ಕಾರ್ಯಕರ್ತೆಯರು ಮಾಡುತ್ತಾರೆ. ಸಂದೇಹವಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ (ಡಿಇಐಸಿ) ಕಳುಹಿಸಲಾಗುತ್ತದೆ. ಮಕ್ಕಳ ತಜ್ಞ, ಶ್ರವಣ ತಜ್ಞ, ಫಿಸಿಯೋಥೆರಪಿಸ್ಟ್, ಮನಶ್ಶಾಸ್ತ್ರಜ್ಞ ಮತ್ತು ದಂತವೈದ್ಯರು ಒಂದೇ ಸೂರಿನಡಿ ಇರಬೇಕೆಂಬುದು ಈ ಕೇಂದ್ರದ ಕಲ್ಪನೆ. ಹೀಗಾದಾಗ ಒಂದೇ ಪ್ರಯಾಣದಲ್ಲಿ ಹಲವು ತಪಾಸಣೆಗಳು ಮುಗಿಯುತ್ತವೆ.

ಕಾಲಮಿತಿಯುಳ್ಳ ಚಿಕಿತ್ಸೆಗಳು

ಕೆಲವು ಸ್ಥಿತಿಗಳಲ್ಲಿ ಚಿಕಿತ್ಸೆಯ ಫಲ ನಿರ್ದಿಷ್ಟ ವಯಸ್ಸನ್ನು ಅವಲಂಬಿಸಿರುತ್ತದೆ. ಪ್ರಯಾಣದ ಅಡಚಣೆಯಿಂದ ಆ ಅವಧಿ ಮೀರಿದರೆ ನಂತರ ಉತ್ತಮ ಆಸ್ಪತ್ರೆ ತಲುಪಿದರೂ ಪೂರ್ಣ ಪ್ರಯೋಜನ ದೊರೆಯುವುದಿಲ್ಲ.

- ಅಕಾಲಿಕ ಶಿಶುಗಳ ಅಕ್ಷಿಪಟಲ ರೋಗ: 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಕಣ್ಣಿನ ಒಳಪದರವನ್ನು ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಬೇಕು. ತೀರ ಚಿಕ್ಕ ಶಿಶುಗಳಿಗೆ ಇನ್ನೂ ಬೇಗ ಪರೀಕ್ಷೆ ಬೇಕು. ಚಿಕಿತ್ಸೆಯ ಅಗತ್ಯ ಕಂಡುಬಂದರೆ ಎರಡು ಮೂರು ದಿನಗಳಲ್ಲಿಯೇ ಲೇಸರ್ ಚಿಕಿತ್ಸೆ ನೀಡಬೇಕಾಗುತ್ತದೆ. ತಡವಾದರೆ ಶಾಶ್ವತ ಅಂಧತ್ವ ಉಂಟಾಗಬಹುದು.
- ಸೊಟ್ಟ ಪಾದ: ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ಸರಿಪಡಿಸಲಾಗುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರುಗಳು ಬೇಕಾಗುತ್ತವೆ. ನಂತರ ಸುಮಾರು ನಾಲ್ಕು ವರ್ಷದ ವಯಸ್ಸಿನವರೆಗೆ ರಾತ್ರಿ ವಿಶೇಷ ಬೂಟು ತೊಡಿಸಬೇಕು. ಬೂಟು ತೊಡಿಸುವುದನ್ನು ನಿಲ್ಲಿಸಿದರೆ ಪಾದ ಮತ್ತೆ ತಿರುಚಿಕೊಳ್ಳಬಹುದು.
- ಶ್ರವಣದೋಷ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ ಮತ್ತು ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ತರಬೇತಿ ಎಂಬುದು ಅಂಗೀಕೃತ ಗುರಿ. ತಡವಾದಷ್ಟೂ ಮಾತು ಕಲಿಯುವುದು ಕಷ್ಟವಾಗುತ್ತದೆ.
- ಸೀಳುತುಟಿ ಮತ್ತು ಸೀಳು ಅಂಗುಳ: ತುಟಿಯ ಶಸ್ತ್ರಚಿಕಿತ್ಸೆಯನ್ನು ಸುಮಾರು ಮೂರರಿಂದ ಆರು ತಿಂಗಳಲ್ಲಿ, ಅಂಗುಳದ ಶಸ್ತ್ರಚಿಕಿತ್ಸೆಯನ್ನು ಸುಮಾರು ಒಂಬತ್ತರಿಂದ ಹದಿನೆಂಟು ತಿಂಗಳಲ್ಲಿ ಮಾಡಲಾಗುತ್ತದೆ. ಅಲ್ಲಿಯವರೆಗೆ ಹಾಲುಣಿಸುವ ಕ್ರಮದ ಬಗ್ಗೆ ತಾಯಿಗೆ ಸಮೀಪದಲ್ಲಿಯೇ ಮಾರ್ಗದರ್ಶನ ಬೇಕಾಗುತ್ತದೆ.
- ಜನ್ಮಜಾತ ಹೃದ್ರೋಗ: ಶಸ್ತ್ರಚಿಕಿತ್ಸೆ ನಗರದ ಕೇಂದ್ರಗಳಲ್ಲಿ ಮಾತ್ರ ಸಾಧ್ಯವಾದರೂ ತೂಕ ಹೆಚ್ಚಿಸುವುದು, ಸೋಂಕು ತಡೆಯುವುದು ಮತ್ತು ಔಷಧ ಮುಂದುವರಿಸುವುದು ತಾಲ್ಲೂಕು ಮಟ್ಟದಲ್ಲಿ ನಡೆಯಬಹುದು.

ಸೊಟ್ಟ ಪಾದದ ಉದಾಹರಣೆಯು ದೂರದ ಪರಿಣಾಮವನ್ನು ಸ್ಪಷ್ಟಪಡಿಸುತ್ತದೆ. ಈ ಚಿಕಿತ್ಸೆಯ ಉಪಕರಣಗಳು ಸರಳವಾಗಿದ್ದು ವೆಚ್ಚವೂ ಕಡಿಮೆ. ಆದರೆ ಸತತ ವಾರಗಳ ಪ್ರಯಾಣವನ್ನು ಕುಟುಂಬ ನಿರ್ವಹಿಸಲಾಗದಿದ್ದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ.

ಹಿಮೋಫಿಲಿಯಾದಂತಹ ಜೀವನಪರ್ಯಂತದ ಕಾಯಿಲೆಗಳಲ್ಲಿಯೂ ಸಾಮೀಪ್ಯ ಮುಖ್ಯ. ರಕ್ತಸ್ರಾವ ಆರಂಭವಾದ ಕೆಲವೇ ಗಂಟೆಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಚುಚ್ಚುಮದ್ದು ದೊರೆಯದಿದ್ದರೆ ಕೀಲುಗಳು ಹಾಳಾಗುತ್ತವೆ. ದಾವಣಗೆರೆಯಲ್ಲಿರುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ದೊಡ್ಡ ಮಹಾನಗರದ ಹೊರಗೆ ಬೆಳೆದ ಇಂತಹ ವಿಶೇಷ ಸೇವೆಗೆ ನಿದರ್ಶನವಾಗಿದೆ. ಅದರ ಸ್ಥಾಪಕರಾದ ಡಾ. ಸುರೇಶ್ ಹನಗವಾಡಿ ಅವರು ಸ್ವತಃ ಹಿಮೋಫಿಲಿಯಾ ಹೊಂದಿರುವ ವೈದ್ಯರು.

ಉತ್ತರ ಕರ್ನಾಟಕದ ಪ್ರಯೋಗಗಳು

ಕಿಡ್‌ರಾಪ್

ಬೆಂಗಳೂರಿನ ನಾರಾಯಣ ನೇತ್ರಾಲಯವು ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮವು ಅಕಾಲಿಕ ಶಿಶುಗಳ ಕಣ್ಣಿನ ತಪಾಸಣೆಯನ್ನು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕೊಂಡೊಯ್ಯಿತು. ತರಬೇತಿ ಪಡೆದ ತಂತ್ರಜ್ಞರು ವಿಶಾಲ ಕೋನದ ಕ್ಯಾಮೆರಾವನ್ನು ವಾಹನದಲ್ಲಿ ತಂದು, ನಿಗದಿತ ದಿನಗಳಲ್ಲಿ ಪ್ರತಿ ಆಸ್ಪತ್ರೆಯಲ್ಲಿ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಬೆಂಗಳೂರಿನ ತಜ್ಞರು ಆ ಚಿತ್ರಗಳನ್ನು ಅಂತರಜಾಲದ ಮೂಲಕ ನೋಡಿ ವರದಿ ನೀಡುತ್ತಾರೆ. ಚಿಕಿತ್ಸೆ ಬೇಕಾದ ಶಿಶುಗಳಿಗೆ ಸಾಧ್ಯವಾದಷ್ಟೂ ಅದೇ ಊರಿನಲ್ಲಿ ಲೇಸರ್ ನೀಡಲಾಗುತ್ತದೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಸಹಭಾಗಿತ್ವದಲ್ಲಿ ಈ ಮಾದರಿಯನ್ನು ರಾಜ್ಯದ ಉತ್ತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಶಿಶು ಮತ್ತು ಬಾಣಂತಿ ಬೆಂಗಳೂರಿಗೆ ಹೋಗುವ ಬದಲು ಚಿತ್ರ ಬೆಂಗಳೂರಿಗೆ ಹೋಗುವುದು ಈ ಪದ್ಧತಿಯ ವೈಶಿಷ್ಟ್ಯ.

ಸುಕ್ಷೇಮ

2009ರಿಂದ 2015ರವರೆಗೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಗಳು ಸರ್ಕಾರದೊಂದಿಗೆ ನಡೆಸಿದ ಸುಕ್ಷೇಮ ಯೋಜನೆಯು ಬಳ್ಳಾರಿ ಸೇರಿದಂತೆ ಉತ್ತರದ ಎಂಟು ಜಿಲ್ಲೆಗಳನ್ನು ಒಳಗೊಂಡಿತ್ತು. ಅನುಭವಿ ದಾದಿಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆಗಾಗ ಹೋಗಿ, ಅಲ್ಲಿನ ದಾದಿಯರಿಗೆ ಕೆಲಸದ ಸ್ಥಳದಲ್ಲಿಯೇ ಹೆರಿಗೆ ಮತ್ತು ನವಜಾತ ಶಿಶು ಆರೈಕೆಯ ಮಾರ್ಗದರ್ಶನ ನೀಡುವುದು ಅದರ ಮುಖ್ಯ ಭಾಗವಾಗಿತ್ತು. ಅಂದಿನ ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳ ಕೇಂದ್ರಗಳಲ್ಲಿ ನಡೆದ ತುಲನಾತ್ಮಕ ಅಧ್ಯಯನದಲ್ಲಿ, ಮಾರ್ಗದರ್ಶನ ಪಡೆದ ಕೇಂದ್ರಗಳ ಸನ್ನದ್ಧತೆ ಮತ್ತು ಸಿಬ್ಬಂದಿಯ ಜ್ಞಾನ ಉಳಿದ ಕೇಂದ್ರಗಳಿಗಿಂತ ಉತ್ತಮವಾಗಿದ್ದುದು ಕಂಡುಬಂದಿತು.

ಕಾಂಗರೂ ತಾಯಿ ಆರೈಕೆ

ನೆರೆಯ ಕೊಪ್ಪಳ ಜಿಲ್ಲೆಯಲ್ಲಿ 2,000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಕಾಂಗರೂ ತಾಯಿ ಆರೈಕೆಯನ್ನು ಜಿಲ್ಲೆಯಾದ್ಯಂತ ಜಾರಿಗೆ ತರುವ ಕಾರ್ಯವು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನೆಯ ಭಾಗವಾಗಿ ನಡೆಯಿತು. ಶಿಶುವನ್ನು ತಾಯಿಯ ಅಥವಾ ಮನೆಯ ಇತರ ಸದಸ್ಯರ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ದಿನಕ್ಕೆ ಹಲವು ಗಂಟೆ ಇರಿಸಿ, ಎದೆಹಾಲು ಮಾತ್ರ ನೀಡುವುದು ಇದರ ಕ್ರಮ. ಆಸ್ಪತ್ರೆಯಲ್ಲಿ ಆರಂಭಿಸಿದ ಆರೈಕೆಯನ್ನು ಮನೆಯಲ್ಲಿ ಮುಂದುವರಿಸಲು ಆಶಾ ಕಾರ್ಯಕರ್ತೆಯರು ನೆರವಾಗುತ್ತಾರೆ. ದುಬಾರಿ ಉಪಕರಣವಿಲ್ಲದೆ ತಜ್ಞ ಆರೈಕೆಯ ಒಂದು ಭಾಗ ಮನೆಯೊಳಗೇ ನಡೆಯಬಹುದೆಂಬುದನ್ನು ಇದು ತೋರಿಸಿತು.

ದೂರವೈದ್ಯಕೀಯ

2019ರಲ್ಲಿ ಆರಂಭವಾದ ರಾಷ್ಟ್ರೀಯ ಇ-ಸಂಜೀವಿನಿ ವೇದಿಕೆಯ ಮೂಲಕ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯ ಸಮ್ಮುಖದಲ್ಲಿ ವೈದ್ಯರ ಸಲಹೆ ಪಡೆಯಬಹುದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2003ರಲ್ಲಿ ಆರಂಭವಾದ ಎಕೋ ಮಾದರಿಯಲ್ಲಿ ತಜ್ಞರು ರೋಗಿಯ ಬದಲು ಸ್ಥಳೀಯ ವೈದ್ಯರೊಂದಿಗೆ ನಿಯಮಿತವಾಗಿ ಪ್ರಕರಣಗಳನ್ನು ಚರ್ಚಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಅಳವಡಿಸಿಕೊಂಡಿದೆ. ಮರುಭೇಟಿ, ಔಷಧದ ಪ್ರಮಾಣದ ಬದಲಾವಣೆ ಮತ್ತು ವರದಿಗಳ ಪರಿಶೀಲನೆಗೆ ದೂರವೈದ್ಯಕೀಯ ಉಪಯುಕ್ತ. ಆದರೆ ಉಸಿರಾಟದ ತೊಂದರೆಯಿರುವ ಶಿಶುವಿನ ಪರೀಕ್ಷೆಗೆ ಅದು ಪರ್ಯಾಯವಲ್ಲ.

ಅಪೌಷ್ಟಿಕತೆಯ ಚಿಕಿತ್ಸೆ

ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಮಧ್ಯಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದನ್ನು ತೀವ್ರ ಅಪೌಷ್ಟಿಕತೆಯ ಲಕ್ಷಣವೆಂದು ಪರಿಗಣಿಸಲಾಗುತ್ತದೆ. ಹಸಿವಿಲ್ಲದಿರುವಿಕೆ, ಬಾವು ಅಥವಾ ಸೋಂಕಿನಂತಹ ತೊಡಕುಗಳಿರುವ ಮಕ್ಕಳನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ತಾಯಿಯೊಂದಿಗೆ ಸುಮಾರು ಎರಡು ವಾರಗಳ ಕಾಲ ದಾಖಲಿಸಲಾಗುತ್ತದೆ. ಅಲ್ಲಿ ಚಿಕಿತ್ಸೆಯ ಜೊತೆಗೆ ಸ್ಥಳೀಯ ಧಾನ್ಯ ಮತ್ತು ಕಾಳುಗಳಿಂದ ಆಹಾರ ತಯಾರಿಸುವುದನ್ನು ತಾಯಂದಿರಿಗೆ ಕಲಿಸಲಾಗುತ್ತದೆ. ತಾಯಿಯ ಕೂಲಿನಷ್ಟಕ್ಕೆ ಪರಿಹಾರವನ್ನೂ ನೀಡಲಾಗುತ್ತದೆ. ಆದರೂ ಮನೆಯಲ್ಲಿ ಇತರ ಚಿಕ್ಕ ಮಕ್ಕಳಿದ್ದಾಗ ದೂರದ ಊರಿನಲ್ಲಿ ಎರಡು ವಾರ ಉಳಿಯುವುದು ಅನೇಕ ತಾಯಂದಿರಿಗೆ ಕಷ್ಟವಾಗುತ್ತದೆ. ಈ ಕಾರಣದಿಂದ ತಾಲ್ಲೂಕು ಮಟ್ಟದ ಪುನಶ್ಚೇತನ ಸೌಲಭ್ಯಕ್ಕೆ ವಿಶೇಷ ಮಹತ್ವವಿದೆ. ಅಂಗನವಾಡಿ ಮಕ್ಕಳ ಗಂಭೀರ ಕಾಯಿಲೆಗಳ ಉನ್ನತ ಚಿಕಿತ್ಸೆಗೆ ರಾಜ್ಯದ ಬಾಲಸಂಜೀವಿನಿ ಯೋಜನೆ ನೆರವಾಗುತ್ತದೆ.

ವೆಚ್ಚ ಮತ್ತು ಆರೋಗ್ಯ ವಿಮೆ

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಮೂತ್ರಪಿಂಡ, ನರ, ಕ್ಯಾನ್ಸರ್ ಮತ್ತು ನವಜಾತ ಶಿಶುಗಳ ಉನ್ನತ ಚಿಕಿತ್ಸೆ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊದಲು ಗುಲ್ಬರ್ಗ ವಿಭಾಗದಲ್ಲಿ ಜಾರಿಯಾಯಿತು. ಪಟ್ಟಿಯಲ್ಲಿದ್ದ ಆಸ್ಪತ್ರೆಗಳು ಗ್ರಾಮೀಣ ಪ್ರದೇಶಗಳಲ್ಲಿ ತಪಾಸಣಾ ಶಿಬಿರಗಳನ್ನು ನಡೆಸಿ, ಆಯ್ಕೆಯಾದ ರೋಗಿಗಳನ್ನು ಚಿಕಿತ್ಸೆಗೆ ಕರೆದೊಯ್ಯುವುದು ಅದರ ವಿಶೇಷತೆಯಾಗಿತ್ತು. ಯೋಜನೆ ಜಾರಿಯಾಗಿದ್ದ ಉತ್ತರದ ಹಾಗೂ ಇನ್ನೂ ಜಾರಿಯಾಗಿರದಿದ್ದ ದಕ್ಷಿಣದ ಗಡಿಭಾಗದ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾಗುವ ಸಾವುಗಳು ಬಡ ಕುಟುಂಬಗಳಲ್ಲಿ ಗಣನೀಯವಾಗಿ ಕಡಿಮೆಯಾಗಿದ್ದವೆಂದು ಅದು ತಿಳಿಸಿತು.

2018ರಿಂದ ಇಂತಹ ಯೋಜನೆಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡಿವೆ. ಆದ್ಯತಾ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಉನ್ನತ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯವಾಗಿರುವುದರಿಂದ, ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ತಜ್ಞರಿರುವುದು ವಿಮೆಯ ಸೌಲಭ್ಯ ಪಡೆಯಲೂ ಮುಖ್ಯವಾಗುತ್ತದೆ. ಚಿಕಿತ್ಸಾ ವೆಚ್ಚವನ್ನು ವಿಮೆ ಭರಿಸಿದರೂ ಊಟ, ವಸತಿ ಮತ್ತು ಕೂಲಿನಷ್ಟದ ಹೊರೆ ಬಹುಮಟ್ಟಿಗೆ ಕುಟುಂಬದ ಮೇಲೆಯೇ ಉಳಿಯುತ್ತದೆ.

ಸವಾಲುಗಳು

ತಜ್ಞರ ಕೊರತೆ: 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಅಗತ್ಯಕ್ಕೆ ಹೋಲಿಸಿದರೆ ಮಕ್ಕಳ ತಜ್ಞರ ಕೊರತೆ ಸುಮಾರು 80% ಇತ್ತು. ವೈದ್ಯಕೀಯ ಪದವೀಧರರಿಗೆ ಸರ್ಕಾರಿ ಸೇವೆಯನ್ನು ಕಡ್ಡಾಯಗೊಳಿಸಿದ್ದ 2012ರ ಕರ್ನಾಟಕ ಕಾಯ್ದೆಯು ಈ ಕೊರತೆಯನ್ನು ನೀಗಿಸುವ ಪ್ರಯತ್ನಗಳಲ್ಲೊಂದು. ಒಂದು ಆಸ್ಪತ್ರೆಯಲ್ಲಿ ಒಬ್ಬರೇ ತಜ್ಞರಿದ್ದಾಗ ಅವರ ರಜೆ ಅಥವಾ ವರ್ಗಾವಣೆಯ ಅವಧಿಯಲ್ಲಿ ರಾತ್ರಿಯ ಮತ್ತು ತುರ್ತು ಸೇವೆಗೆ ತೊಡಕಾಗುತ್ತದೆ.

ವಲಸೆ: ಮಳೆಯಾಶ್ರಿತ ಕೃಷಿಯ ಈ ತಾಲ್ಲೂಕುಗಳಿಂದ, ವಿಶೇಷವಾಗಿ ಲಂಬಾಣಿ ತಾಂಡಾಗಳಿಂದ, ಕಬ್ಬು ಕಟಾವು, ಕಾಫಿ ತೋಟ ಮತ್ತು ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ಕುಟುಂಬಗಳು ಗುಳೆ ಹೋಗುತ್ತವೆ. ಚಿಕ್ಕ ಮಕ್ಕಳು ಪೋಷಕರೊಂದಿಗೆ ಹೋಗುವುದರಿಂದ ಅಂಗನವಾಡಿಯ ತಪಾಸಣೆ, ಲಸಿಕೆ ಮತ್ತು ಮರುಭೇಟಿಗಳು ತಪ್ಪುತ್ತವೆ. ತಾಯಿ ಕಾರ್ಡ್ ಮತ್ತು ಆಸ್ಪತ್ರೆಯ ಬಿಡುಗಡೆ ಪತ್ರ ಜೊತೆಯಲ್ಲಿದ್ದರೆ ಹೋದ ಊರಿನಲ್ಲಿ ಚಿಕಿತ್ಸೆ ಮುಂದುವರಿಸುವುದು ಸುಲಭವಾಗುತ್ತದೆ.

ಜಿಲ್ಲೆಯ ಗಡಿ: ಆಡಳಿತಾತ್ಮಕವಾಗಿ ಮಗುವನ್ನು ತನ್ನದೇ ಜಿಲ್ಲೆಯ ಕೇಂದ್ರಕ್ಕೆ ಕಳುಹಿಸುವುದು ರೂಢಿ. ಹರಪನಹಳ್ಳಿಯ ಕುಟುಂಬಕ್ಕೆ ದಾವಣಗೆರೆ, ಹಡಗಲಿಯ ಕೆಲವು ಹಳ್ಳಿಗಳಿಗೆ ಗದಗ ಹತ್ತಿರವಾಗಿರುವುದರಿಂದ ಮಗುವಿನ ದಾಖಲೆಗಳು ಜಿಲ್ಲೆಗಳ ನಡುವೆ ಹಂಚಿಹೋಗುತ್ತವೆ. ಹುಟ್ಟಿದ ಹಳ್ಳಿಯ ಆಶಾ ಕಾರ್ಯಕರ್ತೆಗೆ ಬೇರೆ ಜಿಲ್ಲೆಯ ಆಸ್ಪತ್ರೆಯ ಮಾಹಿತಿ ತಲುಪದಿರುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ.

ಮರುಭೇಟಿ: ತಪಾಸಣೆ ಮತ್ತು ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನು ದಾಖಲಿಸುವುದು ಸುಲಭ. ಪತ್ತೆಯಾದ ಮಗು ನಿಜವಾಗಿ ಚಿಕಿತ್ಸೆ ಪೂರ್ಣಗೊಳಿಸಿತೇ ಎಂಬುದನ್ನು ತಿಳಿಯಲು ವರ್ಷಗಳ ಅನುಸರಣೆ ಬೇಕು. ನವಜಾತ ಶಿಶು ಘಟಕದಿಂದ ಬಿಡುಗಡೆಯಾದ ಶಿಶುಗಳ ಕಣ್ಣು, ಕಿವಿ ಮತ್ತು ಬೆಳವಣಿಗೆಯ ಪರೀಕ್ಷೆಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದೇ ನಿಗದಿತ ದಿನ ನಡೆಸುವುದರಿಂದ ಕುಟುಂಬದ ಪ್ರಯಾಣಗಳು ಕಡಿಮೆಯಾಗುತ್ತವೆ ಮತ್ತು ಚಿಕಿತ್ಸೆ ಅರ್ಧಕ್ಕೆ ನಿಲ್ಲುವ ಸಾಧ್ಯತೆಯೂ ತಗ್ಗುತ್ತದೆ.

ಇದನ್ನೂ ನೋಡಿ

- ವಿಜಯನಗರ ಜಿಲ್ಲೆ
- ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ
- ಆಶಾ ಕಾರ್ಯಕರ್ತೆ
- ಕಲ್ಯಾಣ ಕರ್ನಾಟಕ
- ಶಿಶು ಮರಣ ಪ್ರಮಾಣ